ಬಲಿಪಾಡ್ಯಮಿಯ ಪಗಡೆ: ಆಟವೂ ಪಣವೂ

॥ ಶ್ರೀಃ ॥

ಕಾರ್ತಿಕ ಶುದ್ಧ ಪ್ರತಿಪದೆಯು ತ್ರಿವಿಕ್ರಮರೂಪಿಯಾದ ಶ್ರೀಹರಿಯು ಬಲಿಚಕ್ರವರ್ತಿಯನ್ನು ಅನುಗ್ರಹಿಸಿದುದನ್ನು ಸ್ಮರಿಸುವ ಪುಣ್ಯದಿನವು. ಇದಕ್ಕೆ ದ್ಯೂತಪ್ರತಿಪದೆ ಎಂಬ ನಾಮಾಂತರವೂ ಉಂಟು. ಪಾರ್ವತೀದೇವಿಯು ಅಂದು ದ್ಯೂತದಲ್ಲಿ ಶಂಕರನನ್ನು ಗೆದ್ದಳೆಂಬ ಕಥೆಯನ್ನು ಅನುಸರಿಸಿ, ಆ ದಿನ ಗೆದ್ದವರಿಗೆ ವರ್ಷವೆಲ್ಲ ಶುಭವೆಂದು ನಂಬುವ ರೂಢಿಯು ಬಂದಿದೆ. ಈ ನೆಪದಿಂದ ಹಣವೊಡ್ಡಿ ಆಡಬಹುದೇ ಎಂಬುದನ್ನು ಹಮ್ಮಿಗಿಯ ಆಸ್ತಿಕ ಬಂಧುಗಳು ಹಬ್ಬದ ಮುನ್ನ ವಿಚಾರಿಸುವುದು ಯುಕ್ತವು.

ಮೊದಲು ಆಟದ ಕ್ರಮವನ್ನು ತಿಳಿಯೋಣ. ಪಗಡೆಯ ಹಾಸಿಗೆ ನಾಲ್ಕು ತೋಳುಗಳು. ಒಂದೊಂದು ತೋಳಿನಲ್ಲಿ ಎಂಟೆಂಟು ಮನೆಗಳ ಮೂರು ಸಾಲುಗಳು. ಒಟ್ಟು 96 ಮನೆಗಳು. ನಾಲ್ವರು ಆಡುವಾಗ ಎದುರುಬದುರು ಕುಳಿತವರು ಒಂದು ಪಕ್ಷ. ಪ್ರತಿಯೊಬ್ಬರಿಗೂ ನಾಲ್ಕು ಕಾಯಿಗಳು. ಉದ್ದನೆಯ ದಾಳಗಳೆರಡನ್ನು ಉರುಳಿಸಿ, ಬಿದ್ದ ಗರದಂತೆ ಕಾಯಿಗಳನ್ನು ನಡೆಸಬೇಕು. ತನ್ನ ತೋಳಿನ ನಡುಸಾಲಿನಿಂದ ಹೊರಟು, ಹೊರಸಾಲುಗಳನ್ನು ಸುತ್ತಿ, ಮರಳಿ ಅದೇ ನಡುಸಾಲಿನಿಂದ ನಡುಮನೆಯನ್ನು ಸೇರಿದ ಕಾಯಿಯು ಹಣ್ಣಾಯಿತು. ಒಂಟಿ ಕಾಯಿಯನ್ನು ಎದುರಾಳಿಯು ಹೊಡೆಯಬಹುದು. ಜೋಡಿಯಾಗಿ ನಿಂತುದನ್ನು ಒಂಟಿ ಕಾಯಿಯಿಂದ ಹೊಡೆಯಲಾಗದು.

ಈ ಆಟಕ್ಕೆ ಮೇರೆಯುಂಟು. ಕಾಯಿಗಳೆಲ್ಲ ಹಣ್ಣಾದೊಡನೆ ಅದು ಮುಗಿಯುವುದು. ಪಣಕ್ಕಾದರೋ ಮೇರೆಯಿಲ್ಲ. ಒಂದೊಂದು ದಾಳಕ್ಕೆ ನಾಲ್ಕು ಮುಖಗಳಾದುದರಿಂದ ಎರಡು ದಾಳಗಳು 16 ವಿಧವಾಗಿ ಬೀಳಬಲ್ಲವು. ಎರಡರಲ್ಲಿಯೂ ಆರು ಬೀಳುವುದು ಅವುಗಳಲ್ಲಿ ಒಂದೇ ವಿಧ. ಹಿಂದೆ ಎಷ್ಟು ಸಲ ಸೋತರೂ ಮುಂದಿನ ಗರವು ಅದನ್ನರಿಯದು. ಆದರೂ ಸೋತವನು, ಇನ್ನೊಮ್ಮೆ ಒಡ್ಡಿದರೆ ಕಳೆದುದು ಮರಳುವುದೆಂದು ಭ್ರಮಿಸುವನು.

ಧರ್ಮರಾಜನಿಗೆ ಆದುದೂ ಇದೇ. ಧನಕನಕಗಳನ್ನು, ರಾಜ್ಯವನ್ನು ಸೋತು, ಬಳಿಕ ನಕುಲ, ಸಹದೇವ, ಅರ್ಜುನ, ಭೀಮಸೇನರನ್ನೂ ಕ್ರಮವಾಗಿ ಒಡ್ಡಿ, ತನ್ನನ್ನೇ ಸೋತು, ಕಡೆಗೆ ದ್ರೌಪದೀದೇವಿಯನ್ನು ಪಣವಾಗಿಟ್ಟನು. ತನ್ನನ್ನೇ ಸೋತವನಿಗೆ ನನ್ನನ್ನೊಡ್ಡುವ ಅಧಿಕಾರವೆಲ್ಲಿ ಎಂಬ ಆ ಸಾಧ್ವಿಯ ಪ್ರಶ್ನೆಗೆ ಸಭೆಯಲ್ಲಿ ಭೀಷ್ಮರೂ ನಿರ್ಣಯ ಹೇಳಲಾರದೆ ಹೋದರು. ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಕನ್ನಡಿಸಿದನೆಂದು ಪ್ರಸಿದ್ಧನಾದ ಗದುಗಿನ ಕುಮಾರವ್ಯಾಸನ ಸಭಾಪರ್ವದಲ್ಲಿ ಈ ಪ್ರಸಂಗವನ್ನು ಕೇಳದವರು ನಮ್ಮ ಸೀಮೆಯಲ್ಲಿ ವಿರಳ.

ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಭಗವಂತನು ವಂಚಕರಲ್ಲಿ ದ್ಯೂತವೇ ತಾನೆಂದಿಲ್ಲವೇ ಎಂದು ಕೆಲವರು ಕೇಳುವರು. ಅದು ವಿಭೂತಿಯ ನಿರೂಪಣೆ, ಜೂಜಿಗೆ ಅನುಜ್ಞೆಯಲ್ಲ. ತಾನು ಸಮೀಪದಲ್ಲಿದ್ದರೆ ಆ ದ್ಯೂತವನ್ನು ತಡೆಯುತ್ತಿದ್ದೆನೆಂದು ವನಪರ್ವದಲ್ಲಿ ಪಾಂಡವರಿಗೆ ಹೇಳಿದವನೂ ಅದೇ ಶ್ರೀಕೃಷ್ಣನು. ಪರೀಕ್ಷಿತನು ಕಲಿಗೆ ಕೊಟ್ಟ ಸ್ಥಾನಗಳಲ್ಲಿ ದ್ಯೂತವೇ ಮೊದಲನೆಯದೆಂದು ಭಾಗವತವು ಸಾರುತ್ತದೆ. ಋಗ್ವೇದದ ಅಕ್ಷಸೂಕ್ತವು ದಾಳವನ್ನು ಬಿಟ್ಟು ಹೊಲವನ್ನು ಉಳುವಂತೆ ಬೋಧಿಸುತ್ತದೆ. ತುಂಗಭದ್ರೆಯ ತೀರದಲ್ಲಿ ಕೃಷಿಯನ್ನೇ ನಂಬಿದ ನಮಗೆ ಇದಕ್ಕಿಂತ ಹಿತವಾದ ಉಪದೇಶವುಂಟೆ?

ಇಂದು ಪಣದ ಆಟವು ಅಂಗೈಯ ಮೊಬೈಲಿಗೂ ಬಂದಿದೆ. ಅಂತರ್ಜಾಲದ ಹಣದ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು. ಕಾಯಿದೆಯು ಹೊರಗಿನ ಬೇಲಿ, ಮನೋನಿಗ್ರಹವು ಒಳಗಿನದು.

ಆದುದರಿಂದ ಪಾಡ್ಯಮಿಯಂದು ಬಲೀಂದ್ರಪೂಜೆ, ಗೋಪೂಜೆಗಳಾದ ಬಳಿಕ ಮನೆಮಂದಿಯೆಲ್ಲ ಕೂಡಿ ಪಗಡೆಯಾಡಲಿ. ಹಣವನ್ನು ಮಾತ್ರ ಒಡ್ಡದಿರಲಿ. ಸೋತ ಪಕ್ಷದವರು ಒಂದು ದೇವರನಾಮವನ್ನು ಹಾಡಲಿ, ಗೆದ್ದವರು ದನಿಗೂಡಿಸಲಿ. ಹೀಗಾದರೆ ಹಬ್ಬದ ಆಟವೂ ಹರಿಸೇವೆಯಾಗುವುದು.

॥ ಶ್ರೀಕೃಷ್ಣಾರ್ಪಣಮಸ್ತು ॥