ನಮ್ಮ ಗೇಟಿನ ಮುಂದಿನ ಇಳಿಜಾರು

ಸಂಘದ ಕಾರ್ಯದರ್ಶಿಯಾಗಬೇಕೆಂದು ನಾನೇನೂ ಹಟ ಹಿಡಿದವಳಲ್ಲ. ಹಿಂದಿನ ಕಾರ್ಯದರ್ಶಿಗಳು ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಅಮೆರಿಕಕ್ಕೆ ಹೊರಟರು. ಮುಂದೆ ಯಾರು ಎಂದು ಕೇಳಿದಾಗ ಎಲ್ಲರೂ ತಲೆ ತಗ್ಗಿಸಿ ಮೊಬೈಲ್ ನೋಡುತ್ತಿದ್ದರು, ನಾನೊಬ್ಬಳು ತಲೆ ಎತ್ತಿದ್ದೆ. ಹಾಗೆ ನನ್ನ ಕೈಗೆ ಬಂದದ್ದು ಒಂದು ರಬ್ಬರ್ ಸ್ಟಾಂಪು, ಒಂದು ರಸೀದಿ ಪುಸ್ತಕ, ಮತ್ತು ಮಿನಿಟ್ಸ್ ಪುಸ್ತಕದಲ್ಲಿ ವರ್ಷಕ್ಕೊಮ್ಮೆ ತಪ್ಪದೆ ದಾಖಲಾಗುತ್ತಿದ್ದ ಒಂದು ಸಾಲು: ‘ನಮ್ಮ ಅಡ್ಡರಸ್ತೆಯಲ್ಲಿ ವಾಹನಗಳ ಹಾವಳಿ ತಡೆಯುವ ಬಗ್ಗೆ ಚರ್ಚಿಸಲಾಯಿತು.’

ಬೆಂಗಳೂರಿನ ಮಲ್ಲೇಶ್ವರ ಗೊತ್ತಿದ್ದವರಿಗೆ ಈ ಹಾವಳಿಯ ಮೂಲ ಗೊತ್ತೇ ಇರುತ್ತದೆ. ಸಂಪಿಗೆ ರಸ್ತೆ ಒನ್ ವೇ, ಮಾರ್ಗೋಸಾ ರಸ್ತೆ ಅದರ ಎದುರು ದಿಕ್ಕಿಗೆ ಒನ್ ವೇ. ಒಂದು ತಿರುವು ತಪ್ಪಿಸಿಕೊಂಡು ಮುಂದೆ ಹೋದವರು ಸುತ್ತಿ ಬರಬೇಕು. ಸುತ್ತುವುದು ನಮ್ಮಂಥ ಕ್ರಾಸ್‌ಗಳಲ್ಲಿ. 1898ರ ಪ್ಲೇಗಿಗೆ ಹೆದರಿ ಪೇಟೆ ಬಿಟ್ಟವರು ಬಂದು ತುಂಬಿಕೊಂಡ ಬಡಾವಣೆ ಇದು. ರಸ್ತೆ ಅಳೆದವರ ಕಣ್ಣ ಮುಂದೆ ಇದ್ದದ್ದು ಜಟಕಾ ಗಾಡಿ. ಈಗ ಊರಿನಲ್ಲಿ ನೋಂದಣಿಯಾದ ವಾಹನಗಳೇ ಒಂದು ಕೋಟಿ ದಾಟಿವೆ. ಅದರ ಮೇಲೆ ಫೋನಿನೊಳಗೆ ಮ್ಯಾಪು ಬಂತು; ಹಳೇ ಆಟೋದವರಿಗೆ ಮಾತ್ರ ಗೊತ್ತಿದ್ದ ಒಳದಾರಿಗಳು ನಿನ್ನೆ ಊರಿಗೆ ಬಂದವರಿಗೂ ಗೊತ್ತಾಗಿಹೋದವು.

ಹೊಸ ಅಗಸ ಎತ್ತಿ ಎತ್ತಿ ಒಗೆದಂತೆ ನಾನೂ ಶುರುಮಾಡಿದೆ. ಮನೆ ಮನೆಗೆ ಒಂದು ಫಾರಂ. ‘ಹೊರಗಿನ ವಾಹನಗಳಿಗೆ ನಮ್ಮ ರಸ್ತೆಯನ್ನು ಮುಚ್ಚಬೇಕೇ? ಹೌದು / ಇಲ್ಲ.’ ಕೆಳಗೆ ಸಹಿ. ಮೂರು ದಿನದಲ್ಲಿ ಹೌದುಗಳ ಕಂತೆಯೇ ಬಂತು. ನನಗೆ ಹಿಗ್ಗೋ ಹಿಗ್ಗು.

ಆ ಫಾರಮ್ಮಿನ ಹುಳುಕು ಕಾಣಲು ಒಂದು ತಿಂಗಳು ಹಿಡಿಯಿತು. ಮೊದಲನೆಯದು, ಸಹಿ ಹಾಕಿದವರೆಲ್ಲ ಓನರುಗಳು. ಮೇಲಿನ ಮಹಡಿಯ ಬಾಡಿಗೆಯವರ ಬಾಗಿಲು ತಟ್ಟಿದರೆ “ಓನರ್ ಅಂಕಲ್‌ನ ಕೇಳಿ ಆಂಟಿ” ಎನ್ನುತ್ತಿದ್ದರು, ನಾನೂ ಸರಿ ಎಂದು ಇಳಿದು ಬರುತ್ತಿದ್ದೆ. ಎರಡನೆಯದು, ಹೊರಗಿನ ವಾಹನ ಅಂದರೆ ಯಾವುದು? ನಾನು ದಿನಾ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡಲು ಸ್ಕೂಟರಿನಲ್ಲಿ ನಾಲ್ಕು ಕ್ರಾಸ್ ತೂರಿ ಹೋಗುತ್ತೇನೆ. ಆ ನಾಲ್ಕು ಕ್ರಾಸಿನವರ ಲೆಕ್ಕದಲ್ಲಿ ಹೊರಗಿನ ವಾಹನ ನನ್ನದೇ.

ಆಮೇಲೆ ಲೆಕ್ಕ ಹಾಕೋಣ ಎಂದು ಹೊರಟೆವು. ಭಾನುವಾರದ ಮಾತು ಬೇಡ, ಸೋಮವಾರ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆ. ರಜೆಯಲ್ಲಿದ್ದ ಮಗಳು ಮತ್ತು ಅವಳ ಮೂವರು ಗೆಳತಿಯರು, ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ನಾನು ಗೆರೆ ಹಾಕಿ ಕೊಟ್ಟ ಪಟ್ಟಿ: ಕಾರು, ಬೈಕು, ಆಟೋ, ಟೆಂಪೋ. ಹತ್ತು ನಿಮಿಷ ಆಗಿರಲಿಲ್ಲ, ಒಬ್ಬ ಹುಡುಗಿ ಓಡಿ ಬಂದಳು. “ಆಂಟಿ, ನಡ್ಕೊಂಡು ಹೋಗೋರನ್ನ ಎಲ್ಲಿ ಬರೀಲಿ?” ಎಂದಳು. ಅವರಿಗೆ ನಾನು ಕಾಲಂ ಹಾಕಿರಲಿಲ್ಲ. ಮನೆಗೆಲಸಕ್ಕೆ ಬರುವ ಹೆಂಗಸರು, ಮೆಟ್ರೊ ಕಡೆ ಓಡುವವರು, ಎಂಟನೇ ಕ್ರಾಸಿನಿಂದ ಸೊಪ್ಪಿನ ಕಟ್ಟು ಹಿಡಿದು ಬರುವವರು, ಯಾರೂ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಹಾವಳಿ ಯಾರಿಗೆ ಎಂದು ಕೇಳದೆ ಹಾವಳಿಯನ್ನು ಮಾತ್ರ ಎಣಿಸಲು ಹೊರಟಿದ್ದೆ.

ಸಭೆಗಳ ವರದಿ ಬೇಡ. ಒಬ್ಬರು ಚರ್ಚ್ ಸ್ಟ್ರೀಟ್ ಎತ್ತಿದರು: 2020ರ ನವೆಂಬರಿನಿಂದ ಮುಂದಿನ ಫೆಬ್ರವರಿವರೆಗೆ ವಾರಾಂತ್ಯಗಳಲ್ಲಿ ಅಲ್ಲಿ ವಾಹನ ಬಿಡಲಿಲ್ಲ, ನಮ್ಮಲ್ಲೇಕೆ ಆಗದು? ಚರ್ಚ್ ಸ್ಟ್ರೀಟಿಗೆ ಜನ ಶನಿವಾರ ಸಂಜೆ ತಿರುಗಾಡಲು ಹೋಗುತ್ತಾರೆ. ನಮ್ಮ ರಸ್ತೆಗೆ ಸೋಮವಾರ ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ಬರಬೇಕು ಎಂದು ಇನ್ನೊಬ್ಬರು. ಆರ್ಕಿಟೆಕ್ಚರ್ ಓದುತ್ತಿದ್ದ ಬಾಡಿಗೆಮನೆಯ ಹುಡುಗ ಹಿಂದಿನ ಕುರ್ಚಿಯಿಂದ ಎದ್ದು ಒಂದು ಹಳೇ ಅಧ್ಯಯನದ ವಿಷಯ ಹೇಳಿದ. 1960ರ ದಶಕದ ಕೊನೆಯಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬವರು ಸ್ಯಾನ್ ಫ್ರಾನ್ಸಿಸ್ಕೋದ ಒಂದೇ ತೆರನಾದ ಮೂರು ಬೀದಿಗಳನ್ನು ಹೋಲಿಸಿದ್ದರಂತೆ. ದಿನಕ್ಕೆ 2,000 ವಾಹನ ಓಡುವ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರು. 16,000 ಓಡುವ ಬೀದಿಯಲ್ಲಿ ಒಬ್ಬರೂ ಪೂರ್ತಿ ಇಲ್ಲ, 0.9! ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಎದುರು ಸಾಲಿನಲ್ಲಿ ನನಗೆ ಹೆಸರು ಹಿಡಿದು ಕರೆಯುವಷ್ಟು ಗೊತ್ತಿದ್ದವರು ಎಷ್ಟು ಮಂದಿ ಎಂದು ಕೂತಲ್ಲೇ ಬೆರಳು ಮಡಚುತ್ತಿದ್ದೆ.

ಕೊನೆಗೆ ಟ್ರಾಫಿಕ್ ಪೊಲೀಸರ ಒಪ್ಪಿಗೆ ಪಡೆದು ಹದಿನೈದು ದಿನದ ಪ್ರಯೋಗ. ರಸ್ತೆಯ ಒಂದು ತುದಿಗೆ ನಾಲ್ಕು ಡ್ರಮ್ಮು, ನಡುವೆ ಮರಳಿನ ಮೂಟೆ. ಬೈಕು, ಸೈಕಲ್ಲು ಹೋಗಬಹುದು, ಕಾರು ಹೋಗುವಂತಿಲ್ಲ. ಮೊದಲ ದಿನವೇ ಒಬ್ಬ ಆಟೋದವನು ನನ್ನನ್ನು “ರಸ್ತೆ ಏನ್ ನಿಮ್ಮಪ್ಪಂದಾ ಮೇಡಂ?” ಎಂದು ಕೇಳಿದ. ಕೇಳಿದ ಧಾಟಿ ಸರಿಯಿರಲಿಲ್ಲ, ಪ್ರಶ್ನೆ ಸರಿಯಾಗಿಯೇ ಇತ್ತು.

ಅತಿ ಗಟ್ಟಿಯಾಗಿ ವಿರೋಧಿಸಿದವರು ಮೂಲೆಮನೆಯ ಮೇಡಂ. ಅವರನ್ನು ಹಟಮಾರಿ ಎಂದು ನಾನು ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದೆ. ಪ್ರಯೋಗದ ನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ಅವರು ನಡುರಸ್ತೆಯಲ್ಲಿ ನಿಂತು ಫೋನಿನಲ್ಲಿ ಕ್ಯಾಬಿನವನಿಗೆ ಅಂಗಲಾಚುತ್ತಿದ್ದರು. ಗಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮ್ಯಾಪು ಡ್ರಮ್ಮಿನ ಕಡೆಯಿಂದಲೇ ದಾರಿ ತೋರಿಸುತ್ತದೆ, ಕ್ಯಾಬಿನವನು ಡ್ರಮ್ಮು ನೋಡಿ ಟ್ರಿಪ್ ಕ್ಯಾನ್ಸಲ್ ಮಾಡುತ್ತಾನೆ. ನನ್ನ ಫಾರಮ್ಮಿನಲ್ಲಿ ಅವರು ಬರೀ ‘ಇಲ್ಲ’ ಎಂಬುದಕ್ಕೆ ಟಿಕ್ ಹಾಕಿದ್ದರು. ಏಕೆ ಎಂದು ಬರೆಯಲು ನಾನು ಜಾಗವನ್ನೇ ಬಿಟ್ಟಿರಲಿಲ್ಲ. ಅವತ್ತೇ ಎರಡು ಡ್ರಮ್ಮನ್ನು ಆಚೆ ತುದಿಗೆ ಸರಿಸಿ, ಅವರ ಮನೆವರೆಗೆ ಕಾರು ಬರುವಂತೆ ಮಾಡಿದೆವು. ಐದು ನಿಮಿಷದ ಕೆಲಸ.

ಆರನೇ ದಿನ ಪಕ್ಕದ ಕ್ರಾಸಿನವರು ಗುಂಪು ಕಟ್ಟಿಕೊಂಡು ಬಂದರು. ನಿಮ್ಮ ಮನೆ ಕಸ ನಮ್ಮ ಬಾಗಿಲಿಗೆ ಗುಡಿಸಿದ್ದೀರಿ ಎಂದರು. ದಾರಿ ಕಿರಿದಾದರೆ ವಾಹನಗಳಲ್ಲಿ ಒಂದು ಪಾಲು ಬೇರೆಲ್ಲೂ ಕಾಣಿಸಿಕೊಳ್ಳದೆ ಕರಗುತ್ತದೆ ಎಂದು ಬ್ರಿಟನ್ನಿನ ಸಂಶೋಧಕರು 1998ರಲ್ಲೇ ಹತ್ತಾರು ಊರುಗಳ ಉದಾಹರಣೆ ಕೊಟ್ಟು ಹೇಳಿದ್ದಾರೆ. ಅದೂ ಆ ಹುಡುಗನಿಂದಲೇ ತಿಳಿದದ್ದು. ಅದು ನಿಜವೆಂದು ನನಗೆ ಸ್ವಂತ ಸಾಕ್ಷಿಯೂ ಇತ್ತು. ಆ ಹದಿನೈದು ದಿನ ಎಂಟನೇ ಕ್ರಾಸಿಗೆ ಹೂವಿಗೆ, ತರಕಾರಿಗೆ ನಾನು ಸ್ಕೂಟರ್ ತೆಗೆಯಲೇ ಇಲ್ಲ, ನಡೆದೇ ಹೋದೆ. ಆದರೆ ಗೇಟಿನ ಮುಂದೆ ಹಾರ್ನು ಬಾರಿಸುತ್ತಿರುವಾಗ ಬ್ರಿಟನ್ನಿನ ವರದಿ ಯಾರಿಗೆ ಬೇಕು? ಅವರ ಕ್ರಾಸನ್ನೂ ಸೇರಿಸಿಕೊಂಡೇ ಮೊದಲು ಯೋಚಿಸಬೇಕಿತ್ತು. ಪ್ರಯೋಗ ಮುಗಿದ ದಿನ ಡ್ರಮ್ಮು ಹೋದವು. ಯಾರೂ ಅತ್ತಿದ್ದು ಕಾಣಲಿಲ್ಲ, ಮಕ್ಕಳನ್ನು ಬಿಟ್ಟರೆ. ಅವರು ಎರಡು ವಾರ ಡ್ರಮ್ಮಿಗೆ ಸ್ಟಂಪ್ ಬರೆದು ಕ್ರಿಕೆಟ್ ಆಡಿದ್ದರು.

ನಡುವೆ ಹಂಪಿನ ಪ್ರಹಸನವೂ ಆಯಿತು. ಕೆಲವರು ಯಾರನ್ನೋ ಹಿಡಿದು ರಾತ್ರೋರಾತ್ರಿ ಒಂದು ಹಂಪ್ ಹಾಕಿಸಿದರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಗಂಟೆಗೆ 25 ಕಿಲೋಮೀಟರಿನಲ್ಲಿ ಸುಖವಾಗಿ ದಾಟುವಂತಿರಬೇಕು. ನಮ್ಮದು ಎಮ್ಮೆ ಅಡ್ಡ ಮಲಗಿದ ಹಾಗಿತ್ತು. ಹಾಕಿಸಿದವರ ಕಾರಿನ ಹೊಟ್ಟೆಯೇ ಮೊದಲು ತಗುಲಿ, ವಾರದಲ್ಲಿ ಅವರೇ ಒಡೆಸಿದರು.

ನನಗೆ ನಿಜವಾದ ಪಾಠ ಮಾಡಿದ್ದು ನಮ್ಮ ಅತ್ತೆ. ಅವರಿಗೆ ಎಂಬತ್ತೆರಡು. ದಿನಾ ಬೆಳಿಗ್ಗೆ ಕೋಲೂರಿಕೊಂಡು ಕಾಡು ಮಲ್ಲೇಶ್ವರನ ಗುಡಿಗೆ ಹೋಗುತ್ತಾರೆ, ಅದೂ ರಸ್ತೆಯ ಮೇಲೇ. ಫುಟ್‌ಪಾತಿನ ಮೇಲೆ ಹೋಗಿ ಎಂದು ಮನೆಮಂದಿಯೆಲ್ಲ ಬೈದಾಗಿತ್ತು. ಒಂದು ದಿನ ಹಟಕ್ಕೆ ಬಿದ್ದು ಅವರನ್ನು ಫುಟ್‌ಪಾತ್ ಹತ್ತಿಸಿ ಹಿಂದೆಯೇ ನಡೆದೆ. ನಮ್ಮ ಕ್ರಾಸ್ ಮುಗಿಯುವಷ್ಟರಲ್ಲಿ ಅವರು ಹನ್ನೊಂದು ಸಲ ಇಳಿದು ಹನ್ನೊಂದು ಸಲ ಹತ್ತಿದರು. ಒಂದು ಕಡೆ ಟ್ರಾನ್ಸ್‌ಫಾರ್ಮರ್, ಒಂದು ಕಡೆ ಬಾಯಿ ತೆರೆದ ಚರಂಡಿ, ಒಂದು ಕಡೆ ಇಸ್ತ್ರಿ ಗಾಡಿ. ಮಿಕ್ಕ ಎಂಟೂ ಗೇಟಿನ ಇಳಿಜಾರುಗಳು, ಕಾರು ಒಳಗೆ ಹತ್ತಿಸಲು ಮನೆಯವರು ಫುಟ್‌ಪಾತ್ ಕಡಿದು ಹಾಕಿದ ಕಾಂಕ್ರೀಟು. ಮೊದಲನೆಯದು ನಮ್ಮದೇ. ಮಾವ ತಮ್ಮ ಪ್ರೀಮಿಯರ್ ಪದ್ಮಿನಿಗಾಗಿ ಹಾಕಿಸಿದ್ದು. ಆ ಕಾರು ಹೋಗಿ ಎಷ್ಟೋ ವರ್ಷವಾಗಿತ್ತು, ಇಳಿಜಾರು ಹಾಗೇ ಇತ್ತು.

ಅಷ್ಟರಲ್ಲಿ ಚರಂಡಿ ಕೆಲಸ ಮಂಜೂರಾಗಿತ್ತು. ನೋಡಲು ಬಂದ ಇಂಜಿನಿಯರು ಕೆಲಸದ ಜೊತೆ ಫುಟ್‌ಪಾತನ್ನೂ ಒಂದೇ ಮಟ್ಟಕ್ಕೆ ತರಬಹುದು ಎಂದರು: ನಡೆಯಲು 1.8 ಮೀಟರ್ ತೆರವು, ಎತ್ತರ 15 ಸೆಂಟಿಮೀಟರ್ ಮೀರದಂತೆ. ಗೇಟಿನ ಇಳಿಜಾರನ್ನು ಕಾಂಪೌಂಡಿನ ಒಳಗೆ ಎಳೆದುಕೊಳ್ಳಲು ಮಾತ್ರ ನೀವೆಲ್ಲ ಒಪ್ಪಬೇಕು. ರಸ್ತೆ ಮುಚ್ಚಬೇಕು ಎಂದು ಸಹಿ ಹಾಕಿದ್ದ ಅದೇ ಮಂದಿ ಈಗ “ಯೋಚನೆ ಮಾಡಿ ಹೇಳ್ತೀನಿ ಮೇಡಂ” ಎಂದು ಬಾಗಿಲು ಎಳೆದುಕೊಂಡರು. ಇಸ್ತ್ರಿ ಗಾಡಿಯವರು ಬೇರೆ ನೇರವಾಗಿ ಕೇಳಿಬಿಟ್ಟರು: “ಅಕ್ಕಾ, ಫುಟ್‌ಪಾತ್ ಚೆನ್ನಾಗಾದ ಮೇಲೆ ನನ್ನ ಗಾಡಿ ಎಲ್ಲಿ?” ಇಡೀ ರಸ್ತೆಯ ಬಟ್ಟೆ ಅವರ ಬಳಿಯೇ ಹೋಗುವುದು, ಅಭಿಪ್ರಾಯ ಮಾತ್ರ ನಾನು ಕೇಳಿರಲಿಲ್ಲ. ಎರಡು ಹೊಂಗೆ ಮರದ ನಡುವೆ ಒಂದು ಕಾರು ನಿಲ್ಲುವ ಜಾಗವನ್ನು ಗಾಡಿಗೆ ಬಿಡಿಸಲು ನಾನು ಪಟ್ಟ ಪಾಡು, ಡ್ರಮ್ಮಿಗೆ ಪಟ್ಟದ್ದರ ಹತ್ತರಷ್ಟು.

ನಮ್ಮ ಮನೆಯಲ್ಲೂ ಸುಲಭವಾಗಲಿಲ್ಲ. “ಕಾರು ಒಳಗೆ ತರೋದು ಹೇಗೇ?” ಎಂದು ಇವರ ರಗಳೆ. ಗೇಟನ್ನು ಎರಡಡಿ ಹಿಂದಕ್ಕೆ ಸರಿಸಬೇಕಾಯಿತು, ಅತ್ತೆಯ ದಾಸವಾಳದ ಗಿಡ ಹೋಯಿತು. ಬ್ರೇಕರ್ ಹಿಡಿದ ಹುಡುಗರು ಇಳಿಜಾರು ಒಡೆಯುವಾಗ ಅತ್ತೆ ಜಗಲಿಯ ಮೇಲೆ ಕೂತು ನೋಡಿದರು. ಒಂದು ಮಾತೂ ಆಡಲಿಲ್ಲ. ಒಂದು ಕಾಂಕ್ರೀಟ್ ಚೂರನ್ನು ಮಾತ್ರ ತರಿಸಿಕೊಂಡು ತುಳಸಿಕಟ್ಟೆಯ ಪಕ್ಕ ಇಟ್ಟುಕೊಂಡರು.

ಎಂಟು ಇಳಿಜಾರುಗಳಲ್ಲಿ ಇದುವರೆಗೆ ಹೋದದ್ದು ಐದು. ಹೊಸ ಕಲ್ಲು ಕೂರಿಸಿದ ಮಾರನೆಯ ದಿನ ಬೆಳಿಗ್ಗೆ ನಾನು ಬಾಲ್ಕನಿಯಲ್ಲಿ ಕಾದು ನಿಂತೆ. ಅತ್ತೆ ಗೇಟು ತೆಗೆದರು, ಮಟ್ಟಸವಾದ ಫುಟ್‌ಪಾತನ್ನು ಕೋಲಿನಿಂದ ಎರಡು ಸಲ ಕುಟ್ಟಿ ನೋಡಿದರು. ಆಮೇಲೆ ಎಂದಿನಂತೆ ರಸ್ತೆಗೆ ಇಳಿದರು. ನಾನು ಮೇಲಿನಿಂದ ಕೂಗಿದೆ.

“ಮುಂದಿನ ಮನೇದು ಹಾಗೇ ಇದೆಯಲ್ಲಮ್ಮ,” ಎಂದರು ತಲೆ ಎತ್ತದೆ. “ಅಲ್ಲಿ ಮತ್ತೆ ಇಳಿಯೋ ಬದಲು ಇಲ್ಲೇ ಇಳಿದೆ.”