ಪಿಪಿಎಫೋ ಎನ್‌ಪಿಎಸ್ಸೋ? ಮೊದಲು ನಿಮ್ಮ ತೆರಿಗೆ ಪದ್ಧತಿ ನೋಡಿ

ಮಾರ್ಚ್ ಕೊನೆಯ ವಾರ ಪಿಪಿಎಫ್‌ಗೆ ಒಂದೂವರೆ ಲಕ್ಷ ಕಟ್ಟಿ, ತೆರಿಗೆ ಉಳಿಯಿತೆಂದು ನಿರಾಳವಾಗುವ ನೌಕರರು ಈಗಲೂ ಬಹಳ. ಅವರಲ್ಲಿ ಅನೇಕರು ಹೊಸ ತೆರಿಗೆ ಪದ್ಧತಿಯಲ್ಲಿರುತ್ತಾರೆ. ಅಲ್ಲಿ ಆ ಹಣಕ್ಕೆ ಒಂದು ರೂಪಾಯಿಯ ವಿನಾಯಿತಿಯೂ ಇಲ್ಲ.

ಎರಡರ ಸ್ವಭಾವ ಇಷ್ಟು. 1968ರಿಂದ ಇರುವ ಪಿಪಿಎಫ್‌ನಲ್ಲಿ ಬಡ್ಡಿಗೂ ಕೊನೆಗೆ ಕೈಗೆ ಬರುವ ಮೊತ್ತಕ್ಕೂ ತೆರಿಗೆ ಇಲ್ಲ. 2009ರಲ್ಲಿ ಎಲ್ಲರಿಗೂ ತೆರೆದ ಎನ್‌ಪಿಎಸ್‌ನಲ್ಲಿ ತೆರಿಗೆಯ ಒಂದು ಪಾಲು ಮುಂದಕ್ಕೆ ಹೋಗುತ್ತದೆ. 60 ತುಂಬಿದಾಗ ಶೇ 60ರವರೆಗೆ ಒಟ್ಟಿಗೆ ತೆಗೆದರೆ ತೆರಿಗೆ ಇಲ್ಲ. ಆನ್ಯುಟಿ (ನಿಯಮಿತ ಪಿಂಚಣಿ ಕೊಡುವ ವಿಮಾ ಯೋಜನೆ) ಕೊಂಡ ಪಾಲಿನಿಂದ ಬರುವ ಪಿಂಚಣಿಗೆ ಪ್ರತಿವರ್ಷ ತೆರಿಗೆ ಉಂಟು.

ಮೊದಲ ಹೆಜ್ಜೆ: ಕಳೆದ ವರ್ಷದ ಫಾರ್ಮ್ 16 ತೆಗೆದು ನೀವು ಯಾವ ಪದ್ಧತಿಯಲ್ಲಿದ್ದೀರಿ ನೋಡಿ. 2023–24ರಿಂದ, ಏನೂ ಹೇಳದೆ ಸುಮ್ಮನಿದ್ದವರೆಲ್ಲ ಹೊಸ ಪದ್ಧತಿಗೇ ಸೇರುತ್ತಾರೆ.

ಎರಡನೆಯದು: ಹಳೆಯ ಪದ್ಧತಿಯವರಾದರೆ 80ಸಿಯ ಒಂದೂವರೆ ಲಕ್ಷದಲ್ಲಿ ನಿಮ್ಮ ಪಿಎಫ್ ಕಡಿತವೇ ಎಷ್ಟು ತಿಂದಿದೆ ಲೆಕ್ಕ ಹಾಕಿ. ಉಳಿದಷ್ಟಕ್ಕೆ ಪಿಪಿಎಫ್ ಸಾಕು. ಎನ್‌ಪಿಎಸ್‌ಗೆ ಪ್ರತ್ಯೇಕವಾಗಿ ₹50,000ದ ವಿನಾಯಿತಿ ಇದೆ.

ಮೂರನೆಯದರಲ್ಲೇ ಹೆಚ್ಚಿನವರು ಎಡವುವುದು. ಆ ₹50,000ದ ವಿನಾಯಿತಿ ಹೊಸ ಪದ್ಧತಿಯಲ್ಲಿ ಇಲ್ಲ. ನೀವೇ ಆ್ಯಪ್‌ನಲ್ಲಿ ಎನ್‌ಪಿಎಸ್‌ಗೆ ಎಷ್ಟು ಹಾಕಿದರೂ ತೆರಿಗೆ ಕಡಿಮೆಯಾಗದು. ಕಂಪನಿಯ ಹೆಸರಿನಲ್ಲಿ, ಕಂಪನಿಯ ಪಾಲಾಗಿ ಹೋದ ಹಣಕ್ಕೆ ಮಾತ್ರ ವಿನಾಯಿತಿ. ಅದೂ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 14ರವರೆಗೆ. ತಿಂಗಳಿಗೆ ಮೂಲ ವೇತನ ₹60,000 ಇದ್ದು ತುಟ್ಟಿಭತ್ಯೆ ಇಲ್ಲದವರಿಗೆ ಇದು ₹8,400, ವರ್ಷಕ್ಕೆ ₹1,00,800. ಶೇ 20ರ ಸ್ಲ್ಯಾಬ್‌ನಲ್ಲಿದ್ದರೆ ವರ್ಷಕ್ಕೆ ₹20,000ಕ್ಕೂ ಹೆಚ್ಚು ತೆರಿಗೆ ಉಳಿಯುತ್ತದೆ. ಎಚ್‌ಆರ್ ವಿಭಾಗಕ್ಕೆ ಬರವಣಿಗೆಯಲ್ಲೇ ಕೇಳಿ. ಈ ಹಣ ಸಾಮಾನ್ಯವಾಗಿ ನಿಮ್ಮ ಸಿಟಿಸಿಯೊಳಗಿಂದಲೇ ಹೋಗುವುದರಿಂದ ಕೈಗೆ ಬರುವ ಸಂಬಳ ಇಳಿಯುತ್ತದೆ. ಮನೆ ಸಾಲದ ಕಂತು ಕಟ್ಟುವವರು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಕಂಪನಿಯಲ್ಲಿ ಈ ಸೌಲಭ್ಯ ಇಲ್ಲದಿದ್ದರೆ, ಬರೀ ತೆರಿಗೆಗಾಗಿ ಎನ್‌ಪಿಎಸ್ ಖಾತೆ ತೆರೆಯಲೇಬೇಡಿ.

ನಾಲ್ಕನೆಯದು: ಹಣ ಯಾವಾಗ ಬೇಕಾಗಬಹುದು? ಪಿಪಿಎಫ್‌ನಲ್ಲಿ ಏಳನೇ ವರ್ಷದಿಂದ ಭಾಗಶಃ ತೆಗೆಯಬಹುದು. ಎನ್‌ಪಿಎಸ್ ಹಣದ ಬಹುಪಾಲು ನಿವೃತ್ತಿಯವರೆಗೆ ಸಿಗದು. ಆದರೆ ಅದು ಷೇರುಪೇಟೆಯಲ್ಲೂ ಹೂಡಿಕೆಯಾಗುವುದರಿಂದ, ಏರಿಳಿತ ಸಹಿಸಬಲ್ಲ ಮೂವತ್ತರ ಆಸುಪಾಸಿನವರಿಗೆ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ. ಅಂಗಡಿ, ವ್ಯಾಪಾರ ಇಟ್ಟುಕೊಂಡವರಿಗೆ ನಾನು ಹೇಳುವುದು ಪಿಪಿಎಫ್: ಸಾಲಗಾರರು ಕೋರ್ಟಿಗೆ ಹೋದರೂ ಆ ಖಾತೆಯ ಹಣವನ್ನು ಜಪ್ತಿ ಮಾಡಿಸಲಾಗದು.

ಇನ್ನು ಕೆಲವು ಚುಟುಕಾಗಿ. ಪಿಪಿಎಫ್ ಬಡ್ಡಿಯನ್ನು ತಿಂಗಳ 5ನೇ ತಾರೀಕಿನಿಂದ ಕೊನೆಯವರೆಗಿನ ಕನಿಷ್ಠ ಮೊತ್ತಕ್ಕೆ ಲೆಕ್ಕ ಹಾಕುತ್ತಾರೆ. ಆದ್ದರಿಂದ ಪೂರ್ತಿ ಕಟ್ಟುವವರು ಏಪ್ರಿಲ್ 5ರೊಳಗೆ ಕಟ್ಟಿ. 15 ವರ್ಷದ ಲೆಕ್ಕ ಶುರುವಾಗುವುದು ಖಾತೆ ತೆರೆದ ಆರ್ಥಿಕ ವರ್ಷ ಮುಗಿದ ಮೇಲೆ. ಅವಧಿ ಮುಗಿದ ಬಳಿಕವೂ ಹಣ ಕಟ್ಟುವ ಮನಸ್ಸಿದ್ದರೆ ಒಂದು ವರ್ಷದೊಳಗೆ ವಿಸ್ತರಣೆಯ ಅರ್ಜಿ ಕೊಡಿ. ಅರ್ಜಿ ಇಲ್ಲದೆ ಕಟ್ಟಿದ ಹಣಕ್ಕೆ ಬಡ್ಡಿ ಸಿಗದು.