ಗೋಡೆಗೆ ನೀಲಿಬೂದು ಬಣ್ಣ



ಕೃಷ್ಣರಾಜಪುರದ ಸುತ್ತಣ ಹಳ್ಳಿಗಳಲ್ಲಿ ಹಬ್ಬಕ್ಕೆ ಸುಣ್ಣ ಬಳಿಯುವುದು ವಾಡಿಕೆ. ಕಾರ್ಮೋಡದಂಥ ನೀಲಿಬೂದು ಬಣ್ಣ ಬಯಸುವವರು ಇಷ್ಟನ್ನು ತಿಳಿದಿರಬೇಕು.

ಕಡುಬಣ್ಣ ಬೆಳಕನ್ನು ನುಂಗುತ್ತದೆ. ಹೊರಗೋಡೆಯಲ್ಲಿ ಬಿಸಿಲಿನ ಕಾವನ್ನೂ ಹೀರುತ್ತದೆ. ಆದುದರಿಂದ ಬೆಳಕಿರುವ ಕೋಣೆಯ ಒಂದೇ ಒಳಗೋಡೆಗೆ ಬಳಿಯಿರಿ, ಉಳಿದವು ಬೆಳ್ಳಗಿರಲಿ.

ಮಣ್ಣುಗೋಡೆಗೆ ಎಣ್ಣೆಬಣ್ಣ ಬೇಡ. ತೇವ ಒಳಗೇ ನಿಂತು ಪದರ ಏಳುತ್ತದೆ. ಸೋಸಿದ ಸುಣ್ಣಕ್ಕೆ ಪುಡಿನೀಲಿ, ಜರಡಿ ಹಿಡಿದ ಇದ್ದಲಿನ ಪುಡಿ ಬೆರೆಸಿರಿ. ಒಣಗಿದರೆ ಬಣ್ಣ ತಿಳಿಯಾಗುವುದು. ಮೊದಲು ಅಂಗೈಯಗಲ ಬಳಿದು ನೋಡಿರಿ. ಪುಡಿ ಹೆಚ್ಚಾದರೆ ಕೈಗೆ ಅಂಟುವುದು.

ಹಳೆಯ ಎಣ್ಣೆಬಣ್ಣದಲ್ಲಿ ಸೀಸವಿರಬಹುದು. ಅದರ ಧೂಳು ಮಕ್ಕಳ ಮಿದುಳಿಗೆ ಕೇಡು. ಒಣಗಿದ್ದನ್ನು ಉಜ್ಜಬೇಡಿರಿ, ನೆನೆಸಿ ಕೆರೆಯಿರಿ, ಮಕ್ಕಳನ್ನು ದೂರವಿಡಿರಿ. 2017ರ ನವೆಂಬರ್ 1ರಿಂದ ಮನೆಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂದು ಕಾನೂನಿದೆ. ಶಿವಾಜಿನಗರದಲ್ಲಿ ಕೊಂಡರೂ ಸಂತೆಯಲ್ಲಿ ಕೊಂಡರೂ ಡಬ್ಬಿಯ ಬರಹವನ್ನು ಓದಿಯೇ ಹಣ ಕೊಡಿರಿ.